ಸಂತೆ ಕಂಡ ಮರಿ

ನಾಗಮಂಗಲದಿಂದ ಪಾಂಡವಪುರಕ್ಕೆ ಹೊರಡುವ ಬೆಳಗಿನ ಮೊದಲ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ನನ್ನದು. ತೊಡೆಯ ಮೇಲೆ ನೀಲಿ ಬಣ್ಣದ ಐಸ್ ಪೆಟ್ಟಿಗೆ. ಹೋಗುವಾಗ ಅದರಲ್ಲಿ ಬರೀ ಐಸು. ಬರುವಾಗ ಐಸಿನ ನಡುವೆ ಎರಡು ಪ್ಲಾಸ್ಟಿಕ್ ಕೊಳವೆ, ಅವುಗಳೊಳಗೆ ಕುರಿಮರಿಯ ಥೈಮಸ್ ಗ್ರಂಥಿ. ವಾರಕ್ಕೊಂದು ಸಲದಂತೆ ಎರಡು ವರ್ಷದ ಮೇಲೆ ಹೀಗೆ ಓಡಾಡಿದ್ದೇನೆ. ಕಂಡಕ್ಟರ್ ನನಗೆ ಐಸ್ ಮೇಡಂ ಅಂತಲೇ ಹೆಸರಿಟ್ಟಿದ್ದ.

“ಇವತ್ತಾದ್ರೂ ಒಂದ್ ಕ್ಯಾಂಡಿ ಕೊಡಿ ಅತ್ಲಾಗಿ, ಐಸ್ ಮೇಡಮ್ಮೋರೆ,” ಅನ್ನುತ್ತಿದ್ದ ಟಿಕೆಟ್ ಹರಿಯುತ್ತ.

ಡ್ರೈವರ್ ಕನ್ನಡಿಯಲ್ಲೇ ಅವನನ್ನು ನೋಡಿ, “ಲೇ, ಅದ್ರೊಳ್ಗೆ ಏನೈತೆ ಅಂತ ನೋಡ್ಬುಟ್ರೆ ನೀನು ಮಧ್ಯಾಹ್ನ ಉಣ್ಣಾಕಿಲ್ಲ ಕಣ್ಲಾ,” ಅನ್ನುತ್ತಿದ್ದ.

ಆ ಪೆಟ್ಟಿಗೆ ಈಗಲೂ ನನ್ನ ಬಳಿ ಇದೆ. ಮುಚ್ಚಳದ ಕೀಲು ಮುರಿದಿದೆ. ಮನೆಯವರು ಎಸೆಯೋಣ ಅಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಉಳಿಸಿಕೊಂಡಿದ್ದೇನೆ.

ಆಗ ನಾನು ನಾಗಮಂಗಲದ ಹತ್ತಿರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ನಮ್ಮದು ದೇವಲಾಪುರ ಹೋಬಳಿಯ ಒಂದು ಊರು. ಹೊಲದಲ್ಲಿ ರಾಗಿ, ಹುರುಳಿ. ಕೊಟ್ಟಿಗೆಯಲ್ಲಿ ಎರಡು ಹಸು, ಹತ್ತಾರು ಬನ್ನೂರು ಕುರಿ. ಕುರಿ ನಮ್ಮವ್ವನ ಇಲಾಖೆ.

ನನ್ನ ಸಂಶೋಧನೆ ಏನೆಂದು ಅವ್ವನಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಎದೆಗೂಡಿನಲ್ಲಿ, ಗುಂಡಿಗೆಗೆ ತಾಗಿದಂತೆ ಥೈಮಸ್ ಗ್ರಂಥಿ ಇರುತ್ತದೆ. ಕುರಿಮರಿಗಳಲ್ಲಿ ಅದು ಕತ್ತಿನ ಎರಡೂ ಬದಿಗೆ ಹಬ್ಬಿರುತ್ತದೆ. ರೋಗದ ವಿರುದ್ಧ ಕಾದಾಡುವ ಟಿ ಕೋಶಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಪಳಗುವುದಕ್ಕೆ ಇಲ್ಲಿಗೆ ಬರುತ್ತವೆ. ಪ್ರತಿಯೊಂದು ಕೋಶವೂ ಮೈಮೇಲೆ ಒಂದು ಗ್ರಾಹಿಯನ್ನು ಕಟ್ಟಿಕೊಳ್ಳುತ್ತದೆ. ಎದುರಿಗೆ ಬಂದದ್ದನ್ನು ಮುಟ್ಟಿ ಗುರುತಿಸುವ ಕೈ ಅನ್ನಿ. ಥೈಮಸ್ಸಿನಲ್ಲಿ ಆ ಕೈಗೆ ನಮ್ಮದೇ ದೇಹದ ಚೂರುಗಳನ್ನು ತೋರಿಸಿ ಪರೀಕ್ಷೆ ನಡೆಯುತ್ತದೆ. ಕೈ ಏನನ್ನೂ ಹಿಡಿಯದೆ, ಒಳಗೆ ಸಂಕೇತವೇ ಏಳದಿದ್ದರೆ ಆ ಕೋಶವನ್ನು ಯಾರೂ ಕೇಳುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಅದು ತಾನಾಗಿಯೇ ಸಾಯುತ್ತದೆ. ತೀರ ಬಿಗಿಯಾಗಿ ಹಿಡಿದು ಸಂಕೇತ ಜೋರಾಯಿತೋ, ಅದು ಮುಂದೆ ಮನೆಯವರ ಮೇಲೇ ಬೀಳುವ ಕೋಶ. ಅದಕ್ಕೂ ಅಲ್ಲೇ ಸಾವು. ನಡುವಿನ ಹದದಲ್ಲಿ ಸಂಕೇತ ಪಡೆದವು ಮಾತ್ರ ಬಲಿತು ಹೊರಗೆ ಬರುತ್ತವೆ. ಇಲಿಗಳಲ್ಲಿ ಇದೆಲ್ಲ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಕಡೆಯ ಕುರಿಯಲ್ಲಿ ಆ ಹದ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ನನ್ನ ಪ್ರಶ್ನೆ.

ಅವ್ವ ರಾಗಿ ಕೇರುತ್ತಲೇ ಕೇಳಿಸಿಕೊಂಡು, “ಮಾತೇ ಆಡ್ಸದಿದ್ರೂ ಸಾಯ್ತವೆ, ಜೋರಾಗಿ ಗದರುದ್ರೂ ಸಾಯ್ತವೆ,” ಅಂದಳು. “ಸೊಸೇರಂಗೆ ಅನ್ನಮ್ಮಿ.”

ಥೈಮಸ್ ಸಿಗುತ್ತಿದ್ದದ್ದು ಪಾಂಡವಪುರದ ಒಂದು ಮಾಂಸದಂಗಡಿಯಲ್ಲಿ. ಅಂಗಡಿಯವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಥೈಮಸ್ಸಿಗೆ ಅವರಲ್ಲಿ ಹಾಲುಗಂಟು ಅಂತ ಹೆಸರು, ಎಳೆಯ ಮರಿಗಳಲ್ಲಷ್ಟೇ ದೊಡ್ಡದಾಗಿರುತ್ತದೆ ಅಂತ. ಮೊದಲ ದಿನ ಕಾಲೇಜಿನ ಅನುಮತಿ ಪತ್ರ ತೋರಿಸಿದಾಗ ಅದನ್ನು ಓದದೆ ಮಡಿಸಿ ಕೊಟ್ಟು ಕೇಳಿದರು: “ಬೇಟಿ, ಕುರಿ ಗಿರಿ ನೋಡಿದ್ದೀಯಾ ಮೊದ್ಲು? ಮನೇಲಿ ಸಾಕವ್ರಾ?”

“ಇಲ್ಲ. ನಾನು ಲ್ಯಾಬಿನವಳು,” ಅಂದೆ.

ಯಾಕೆ ಹಾಗಂದೆನೋ. ಬಿಳಿ ಕೋಟು ಹೊಸದು. ಅದರ ಕೆಳಗೆ ಕುರಿಹಿಕ್ಕೆಯ ವಾಸನೆ ಇದೆ ಅಂತ ಯಾರಿಗೂ ಗೊತ್ತಾಗಬಾರದು ಅನ್ನುವ ವಯಸ್ಸು ಅದು. ಹಾಗಂದವಳೇ ಮರಿಯ ದವಡೆ ಹಿಡಿದು ಹಲ್ಲು ನೋಡಿ, ನಾಲ್ಕು ತಿಂಗಳು ಅಂತ ಪುಸ್ತಕದಲ್ಲಿ ಬರೆದುಕೊಂಡೆ.

ಕೆಲಸದ ಕ್ರಮ ಹೀಗಿತ್ತು. ಚಾಚಾ ಗ್ರಂಥಿಯನ್ನು ಕೊಬ್ಬಿನಿಂದ ಬಿಡಿಸಿ ಕೊಡುತ್ತಿದ್ದರು. ಅಲ್ಲೇ ಪುಟ್ಟ ತಕ್ಕಡಿಯಲ್ಲಿ ತೂಗಿ, ಕೊಳವೆಗೆ ಹಾಕಿ, ಐಸಿಗೆ ಇಟ್ಟು ಬಸ್ಸು ಹತ್ತಬೇಕು. ಲ್ಯಾಬಿನಲ್ಲಿ ಗ್ರಂಥಿಯ ಚೂರನ್ನು ಸಣ್ಣ ಜರಡಿಯ ಮೇಲಿಟ್ಟು ಸಿರಿಂಜಿನ ತುದಿಯಿಂದ ಮೆಲ್ಲಗೆ ಅರೆದರೆ ಕೋಶಗಳು ಮಜ್ಜಿಗೆನೀರಿನ ಹಾಗೆ ಕೆಳಗಿಳಿಯುತ್ತವೆ. ಅವನ್ನು ಎಣಿಸಿ, ಪ್ರತಿ ಮರಿಯಿಂದಲೂ ಸರಿಯಾಗಿ ಒಂದೇ ಸಂಖ್ಯೆಯ ಕೋಶಗಳನ್ನು ತೆಗೆದುಕೊಳ್ಳಬೇಕು. ಹಿಂದಿನ ದಿನವೇ ಪ್ಲೇಟಿನ ಗುಳಿಗಳಿಗೆ ಗ್ರಾಹಿಯನ್ನು ಕೆಣಕುವ ಪ್ರತಿಕಾಯವನ್ನು ಐದು ಬಲದಲ್ಲಿ ಬಳಿದಿಟ್ಟಿರುತ್ತಿದ್ದೆ. ಮೊದಲ ಸಾಲಿಗೆ ಏನೂ ಇಲ್ಲ, ಕೊನೆಯ ಸಾಲಿಗೆ ಅತಿ ಹೆಚ್ಚು. ಕೋಶಗಳನ್ನು ಅದರೊಳಗೆ ಬಿಟ್ಟು, ಕಾವುಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ಮಾರನೆಯ ದಿನ ಎತ್ತಿ, ಬಣ್ಣ ಕಟ್ಟಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸುವ ಯಂತ್ರದಲ್ಲಿ ನೋಡುವುದು: ಎಷ್ಟು ಸತ್ತಿವೆ, ಎಷ್ಟರ ಮೈಮೇಲೆ ಎಚ್ಚರದ ಗುರುತು ಎದ್ದಿದೆ.

ಮೊದಲ ವರ್ಷ ಪುಸ್ತಕದಲ್ಲಿರುವಂತೆಯೇ ಚಿತ್ರ ಬಂತು. ಮೊದಲ ಸಾಲಿನಲ್ಲಿ ಕೋಶಗಳು ಸದ್ದಿಲ್ಲದೆ ಸತ್ತಿದ್ದವು, ನಡುವಿನ ಸಾಲುಗಳಲ್ಲಿ ಎಚ್ಚೆತ್ತು ಬದುಕಿದ್ದವು, ಕೊನೆಯ ಸಾಲಿನಲ್ಲಿ ಮತ್ತೆ ಸತ್ತಿದ್ದವು. ಥೈಮಸ್ಸಿನ ತುಂಬ ಇನ್ನೂ ಪರೀಕ್ಷೆ ಮುಗಿಯದ ಎಳೆಯ ಕೋಶಗಳೇ ಇರುತ್ತವೆ. ಎರಡು ಗುರುತುಗಳನ್ನು ಒಟ್ಟಿಗೆ ಹೊತ್ತಿರುವುದರಿಂದ ಅವನ್ನು ಪತ್ತೆ ಮಾಡಬಹುದು. ಏಳೆಂಟು ಮರಿಗಳಲ್ಲಿ ಇದನ್ನು ಕಣ್ಣಾರೆ ನೋಡಿದ ಮೇಲೆ ಆ ಎರಡು ಬಣ್ಣಗಳನ್ನು ಹಾಕುವುದನ್ನೇ ಬಿಟ್ಟೆ. ಬಣ್ಣ ದುಬಾರಿ, ಸೀಸೆ ಪುಟ್ಟದು. ಇದ್ದದ್ದರಲ್ಲೇ ಮಿಗಿಸುವುದು ನನಗೆ ಹುಟ್ಟಿನಿಂದ ಬಂದ ಅಭ್ಯಾಸ. ನಾಳೆಗೆ ಇರಲಿ ಅಂತ ಎತ್ತಿಟ್ಟೆ.

ಎರಡನೆಯ ವರ್ಷ ಚಿತ್ರ ಬದಲಾಯಿತು. ಅತಿ ಸಣ್ಣ ಬಲಕ್ಕೇ ಕೋಶಗಳು ಎಚ್ಚೆತ್ತುಕೊಂಡವು. ಅತಿ ದೊಡ್ಡ ಬಲಕ್ಕೂ ಸಾಯಲಿಲ್ಲ. ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ ಆಗಿ, ಆಮೇಲೆ ಸಾಲಾಗಿ ಎಲ್ಲ ಹೀಗೇ. ಪ್ರತಿಕಾಯದ ಹೊಸ ಸೀಸೆಯನ್ನು ಬೈದೆ. ಕಾವುಪೆಟ್ಟಿಗೆಯ ಉಷ್ಣಮಾಪಕ ಬದಲಿಸಿದೆ. ನೀರು ಬದಲಿಸಿದೆ. ಬಸ್ಸು ತಡವಾದ ದಿನಗಳನ್ನು ಗುರುತು ಹಾಕಿದೆ. ಪ್ಲೇಟು ತೊಳೆಯುವಾಗ ನನ್ನ ಕೈ ಜೋರಾಯಿತೇನೋ ಎಂದು ನಮ್ಮ ಲ್ಯಾಬ್ ಸಹಾಯಕರಿಂದಲೇ ಒಂದು ದಿನ ತೊಳೆಸಿದೆ.

“ನಿಮ್ ಕೈ ನೆಟ್ಟಗೈತೆ ಕಣ್ರೀ ಮೇಡಂ,” ಅಂದರು ಅವರು. “ನಿಮ್ ಕುರಿಗಳಿಗೇ ಏನೋ ಆಗೈತೆ.”

ನಾನು ನಕ್ಕೆ. ಎಲ್ಲವನ್ನೂ ಅನುಮಾನಿಸಿದವಳು ಅದೊಂದನ್ನು ತಮಾಷೆ ಅಂದುಕೊಂಡೆ.

ಆದರೆ ನಮ್ಮ ಗೈಡ್ ಹಿಗ್ಗಿದರು. ಅವರು ದೇವಸ್ಥಾನಕ್ಕೆ ಹೆಸರಾದ ಒಂದು ಊರಿನವರು, ಅಜ್ಜನ ಕಾಲದಿಂದ ಮೇಷ್ಟ್ರುಗಳ ಮನೆ. ಮೆಲು ಮಾತು. “ಇದು ತಪ್ಪಲ್ಲಮ್ಮ, ಇದೇ ಹೊಸತು,” ಅಂದರು. “ಕುರಿಗಳಲ್ಲಿ ಹದದ ಗೆರೆಯೇ ಬೇರೆ ಕಡೆ ಇದೆ. ನೀವು ಯಾರೂ ಕಾಣದ್ದನ್ನು ಕಂಡಿದ್ದೀರಿ.” ನನ್ನ ಇಪ್ಪತ್ತೇಳು ವರ್ಷದ ಬದುಕಿನಲ್ಲಿ ಯಾರೂ ಹಾಗಂದಿರಲಿಲ್ಲ. ಸಮ್ಮೇಳನಕ್ಕೆ ಪೋಸ್ಟರ್ ಬರೆದೆವು, ಒಪ್ಪಿಗೆಯೂ ಬಂತು. ಪ್ರಬಂಧದ ಹೆಸರೇ ಅದರ ಮೇಲೆ ನಿಂತಿತು. ಸಲ್ಲಿಸಲು ಉಳಿದಿದ್ದದ್ದು ಎಂಟು ತಿಂಗಳು.

ಸಮ್ಮೇಳನಕ್ಕೆ ಮೂರು ವಾರ ಇರುವಾಗ ಊರಿಗೆ ಹೋದೆ. ಕೊಟ್ಟಿಗೆಯ ಕಂಬಕ್ಕೆ ಒಂದು ಟಗರುಮರಿ ಕಟ್ಟಿತ್ತು, ಮುಂದೆ ಹಾಕಿದ ಹುರುಳಿ ಸೊಪ್ಪು ಹಾಗೇ ಬಿದ್ದಿತ್ತು. ಅದರ ಅವಳಿ ಅತ್ತ ಬೇಲಿಯ ಬಳಿ ನೆಗೆಯುತ್ತಿತ್ತು. ಅವ್ವ ಹೇಳಿದಳು, ಕಟ್ಟಿದ್ದನ್ನು ಕೆ.ಆರ್. ಪೇಟೆ ಕಡೆಯ ಸಂತೆಗೆ ಒಯ್ದಿದ್ದಳಂತೆ, ವ್ಯಾಪಾರ ಕುದುರದೆ ವಾಪಸ್ ತಂದು ಎರಡು ದಿನವಾಯಿತಂತೆ.

“ಅದನ್ನ ಒಂದನ್ನೇ ಯಾಕೆ ಹಿಡ್ಕೊಂಡೋದೆ?” ಅಂದೆ.

“ಟೆಂಪೋದಲ್ಲಿ ಜಾಗ ಇರ್ಲಿಲ್ಲ ಕಣಮ್ಮಿ.”

“ಚೆನ್ನಾಗೇ ಅದೆಯಲ್ಲ. ಇವತ್ತಲ್ಲ ನಾಳೆ ಮೇಯ್ತದೆ ಬುಡು.”

“ಚೆನ್ನಾಗದಾ?” ಅವ್ವ ನನ್ನ ಕೈ ಹಿಡಿದು ಮರಿಯ ಗಂಟಲಿನ ಪಕ್ಕಕ್ಕೆ ಒತ್ತಿದಳು. “ಇಲ್ಲಿ ಕೈಯಿಕ್ಕಿ ನೋಡು. ಈಗ ಅದನ್ನ ಮುಟ್ಟು.” ಬೇಲಿಯ ಬಳಿಯಿದ್ದ ಮರಿಯನ್ನು ಕಾಲಲ್ಲೇ ತಡೆದು ಹಿಡಿದಳು. “ಅದ್ರದ್ದು ಮೆತ್ತಗೆ ತುಂಬ್ಕೊಂಡಿಲ್ವಾ? ಇದ್ರದ್ದು ಎಲ್ಲೋಯ್ತು? ಸಂತೆ ಕಂಡ ಮರಿ ಒಳ್ಗೊಳ್ಗೇ ಕರಗೋಯ್ತದೆ ಕಣಮ್ಮಿ. ಗದ್ದಲ, ಬಿಸ್ಲು, ತಾಯಿ ಬುಟ್ಟು ಬಂದ ದಿಗಿಲು. ಇಷ್ಟ್ ಓದಿದ್ದೀಯೆ, ಇದು ಗೊತ್ತಿಲ್ವಾ?”

ನನ್ನ ಬೆರಳು ಇದ್ದದ್ದು ಸರಿಯಾಗಿ ಥೈಮಸ್ಸಿನ ಮೇಲೆ.

ಗೊತ್ತಿಲ್ಲದೇನು. ಪ್ರಾಣಿ ಹೆದರಿ ಬಳಲಿದಾಗ ಮೈಯಲ್ಲಿ ಒಂದು ರಸ ಏರುತ್ತದೆ, ಒಂದೆರಡು ದಿನದಲ್ಲಿ ಅದು ಥೈಮಸ್ಸಿನ ಎಳೆಯ ಕೋಶಗಳನ್ನೇ ಆರಿಸಿ ಸಾಯಿಸುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ನಂಬರ್ ತೆಗೆದವಳು ನಾನು. ಆಗ ಉಳಿಯುವುದು ಬಲಿತ ಕೋಶಗಳು. ಅವು ಈಗಾಗಲೇ ಸಂಕೇತ ಪಡೆದು ಪಾಸಾದವು. ಸಣ್ಣದಕ್ಕೂ ಎಚ್ಚೆತ್ತುಕೊಳ್ಳುತ್ತವೆ, ದೊಡ್ಡದಕ್ಕೂ ಜಗ್ಗುವುದಿಲ್ಲ. ನನ್ನ ಹೊಸ ಸಂಶೋಧನೆ ಅದೇ ಇರಬಹುದೇ?

ನಮ್ಮ ಊರ ಶಾಲೆಯ ನೆನಪಾಯಿತು. ಒಂದನೇ ಕ್ಲಾಸಿನಲ್ಲಿ ನಾವು ಹದಿನಾಲ್ಕು ಹುಡುಗಿಯರು. ಎಸ್ಸೆಸ್ಸೆಲ್ಸಿಗೆ ಕೂತವರು ಮೂವರು, ಮೂವರೂ ಪಾಸು. ಈ ಊರ ಹೆಣ್ಣುಮಕ್ಕಳದ್ದು ನೂರಕ್ಕೆ ನೂರು ಅಂತ ಬಂದವರೊಬ್ಬರು ಭಾಷಣದಲ್ಲಿ ಹೊಗಳಿದರು. ಉಳಿದ ಹನ್ನೊಂದು ಮಂದಿ ಎಲ್ಲಿ ಅಂತ ಅವರು ಕೇಳಲಿಲ್ಲ. ನಾನೂ ಪ್ಲೇಟಿಗೆ ಬಂದು ಕೂತ ಕೋಶಗಳನ್ನಷ್ಟೇ ಹೊಗಳುತ್ತಿದ್ದೆ.

“ಅವ್ವ, ಎರಡನ್ನೂ ನಾಳೆ ಪಾಂಡವಪುರಕ್ಕೆ ಕೊಡ್ತೀಯಾ? ಚಾಚಾ ತಗೋತಾರೆ.”

ಅವ್ವ ಬೇಲಿಯ ಬಳಿಯ ಮರಿಯನ್ನು ಸ್ವಲ್ಪ ಹೊತ್ತು ನೋಡಿದಳು. “ಎಲ್ಡೂನಾ?”

“ಎರಡೂ ಬೇಕು. ಹೋಲಿಸಿ ನೋಡ್ಬೇಕು.”

“ಆಯ್ತು ಬುಡು.”

ಬೆಳಗಿನ ಜಾವ ಗೂಡ್ಸ್ ಆಟೋದಲ್ಲಿ ಎರಡು ಮರಿ, ಐಸ್ ಪೆಟ್ಟಿಗೆ, ಅವ್ವ, ನಾನು. ಅಂಗಡಿಯ ಹಿಂದೆ ಹೋಗಿ ನೋಡಿದರೆ ಅಲ್ಲಿ ಆಗಲೇ ನಾಲ್ಕು ಮರಿಗಳು ತಲೆ ಇಳಿಬಿಟ್ಟು ನಿಂತಿದ್ದವು. ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅಂಗಡಿಯ ಹಿಂಭಾಗಕ್ಕೆ ಹೋಗಿರಲಿಲ್ಲ.

“ಚಾಚಾ, ಇವು ಯಾವಾಗ ಬಂದವು?”

“ಸಂತೇದು ಬೇಟಿ. ಮೂರು ದಿನ ಆಯ್ತು. ಎರಡು ದಿನ ಕಟ್ಟಿ, ಹೊಟ್ಟೆ ಖಾಲಿ ಮಾಡಿಸ್ಬೇಕು, ಚರ್ಮ ನೀಟಾಗಿ ಬರ್ತದೆ. ನಮ್ಮ ಅಬ್ಬಾ ಕಾಲದ್ದು ಈ ಪದ್ಧತಿ.”

“ಮೊದ್ಲಿಂದ ಸಂತೇದೇ ತರ್ತಿದ್ರಾ?”

“ಇಲ್ಲ. ಮೊದ್ಲು ಕಿರಂಗೂರು ಮನೆಗಳವರು ಬೆಳಿಗ್ಗೆ ಬೆಳಿಗ್ಗೆ ತಂದು ಕೊಡೋರು, ಆಗಿಂದಾಗಲೇ ಕೆಲಸ. ಹೋದ ವರ್ಷದಿಂದ ಅಲ್ಲಿ ಸರಿಯಾಗಿ ಸಿಕ್ತಿಲ್ಲ, ಸಂತೆಗೆ ಹೋಗ್ತಾ ಇದ್ದೀನಿ. ಹಾಲುಗಂಟು ಸಣ್ಣದಾಯ್ತು ಅಂತ ಒಂದ್ಸಲ ಹೇಳಿದ್ನಲ್ಲ? ನೀನು ಪರವಾಗಿಲ್ಲ, ಎಣಿಸಿ ತಗೋತೀನಿ ಅಂದೆ.”

ಅಂದಿದ್ದೆ. ಪ್ರತಿ ಮರಿಯಿಂದಲೂ ಒಂದೇ ಸಂಖ್ಯೆಯ ಕೋಶ ತೆಗೆದುಕೊಂಡರೆ ಗ್ರಂಥಿ ದೊಡ್ಡದಾದರೇನು ಚಿಕ್ಕದಾದರೇನು ಅಂದುಕೊಂಡಿದ್ದೆ. ತೂಕವನ್ನು ತಪ್ಪದೆ ಬರೆದಿದ್ದೆ, ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅವ್ವ ನಡುವೆ ಬಾಯಿ ಹಾಕಿದಳು. “ಎಲ್ಲಾ ಗೊತ್ತು ಕಣಪ್ಪ ಇವ್ಳಿಗೆ. ಕುರಿ ಹಿಂದೇನೇ ಬೆಳ್ದವ್ಳು.”

ನಾನು ಐಸ್ ಪೆಟ್ಟಿಗೆಯ ಮುಚ್ಚಳವನ್ನು ಸರಿ ಮಾಡತೊಡಗಿದೆ. ಚಾಚಾ ಕತ್ತಿ ಮಸೆಯುತ್ತ ತಲೆಯೆತ್ತದೆ ಅಂದರು: “ಮೊದ್ಲ ದಿನಾನೇ ಗೊತ್ತಾಯ್ತಮ್ಮ. ದವಡೆ ಹಿಡಿದು ಹಲ್ಲು ನೋಡಿದ್ಳಲ್ಲ, ಆ ಹಿಡಿತ ಲ್ಯಾಬಲ್ಲಿ ಹೇಳ್ಕೊಡಲ್ಲ.”

ಮನೆಯಲ್ಲಿದ್ದ ಮರಿಯ ಥೈಮಸ್ ಹೊಸ ಬೆಣ್ಣೆಯ ಬಣ್ಣಕ್ಕೆ, ಅಂಗೈ ತುಂಬುವಷ್ಟಿತ್ತು. ಸಂತೆ ಕಂಡದ್ದರದ್ದು ಅರ್ಧವೂ ಇರಲಿಲ್ಲ, ಸುರುಟಿಕೊಂಡಿತ್ತು. ಅಂದು ಎತ್ತಿಟ್ಟಿದ್ದ ಎರಡು ಬಣ್ಣಗಳನ್ನೂ ಹಾಕಿದೆ. ಯಂತ್ರದ ಪರದೆಯಲ್ಲಿ ಎಳೆಯ ಕೋಶಗಳು ಬಲಮೂಲೆಯಲ್ಲಿ ಮೋಡದ ಹಾಗೆ ಕಾಣಬೇಕು. ಮೊದಲನೆಯದರಲ್ಲಿ ದಟ್ಟ ಮೋಡ. ಎರಡನೆಯದರಲ್ಲಿ ಅಲ್ಲಲ್ಲಿ ಚುಕ್ಕಿ.

ಸುಮ್ಮನಿರಬಹುದಿತ್ತು. ಇದನ್ನು ಬಲ್ಲವರು ಅವ್ವ, ಚಾಚಾ, ನಾನು ಮಾತ್ರ. ಅವರಿಬ್ಬರೂ ನನ್ನ ಪೋಸ್ಟರ್ ಓದುವವರಲ್ಲ. ನನ್ನಂಥವಳಿಗೆ ಎರಡನೆಯ ಅವಕಾಶ ಸುಲಭಕ್ಕೆ ಸಿಗುವುದಿಲ್ಲ ಅನ್ನುವುದೂ ಗೊತ್ತಿತ್ತು. ಒಂದು ದಿನ ಪೂರ್ತಿ ಹಾಗೇ ಕೂತಿದ್ದೆ. ಆಮೇಲೆ ಪುಸ್ತಕ ತೆಗೆದು ಎಲ್ಲ ಮಾದರಿಗಳನ್ನೂ ತೂಕದ ಪ್ರಕಾರ ಹೊಸದಾಗಿ ಸಾಲಾಗಿ ಬರೆದೆ. ಹೊಸ ಸಂಶೋಧನೆ ಅನ್ನಿಸಿಕೊಂಡವೆಲ್ಲ ಕಡಿಮೆ ತೂಕದ ಕೆಳತುದಿಯಲ್ಲಿ ಬಂದು ಕೂತವು, ಒಂದೂ ತಪ್ಪಲಿಲ್ಲ. ಆ ಹಾಳೆ ಹಿಡಿದುಕೊಂಡು ಗೈಡ್ ಕೋಣೆಗೆ ಹೋದೆ.

ಅವರು ಹಾಳೆಯ ಮೇಲೆ ಬೆರಳಿಟ್ಟು ತೂಕದ ಸಾಲನ್ನು ಕೆಳಗಿನವರೆಗೂ ನೋಡಿದರು. “ಒಂದು ಜೋಡಿ ಮರಿಯಿಂದ ಏನು ಹೇಳಕ್ಕಾಗತ್ತಮ್ಮ?”

“ಜೋಡಿಯಿಂದ ಅನುಮಾನ ಬಂತು ಸರ್. ತೂಕದ ಸಾಲು ನಮ್ಮದೇ ಪುಸ್ತಕದ್ದು.”

“ಪೋಸ್ಟರ್ ಅಚ್ಚಿಗೆ ಹೋಗಿದೆ.”

“ಗೊತ್ತು ಸರ್.”

“ಎರಡನೇ ವರ್ಷದ್ದು ಪೂರ್ತಿ ಹೋಗತ್ತೆ. ಎಂಟು ತಿಂಗಳಲ್ಲಿ ಮತ್ತೆ ಮಾಡ್ತೀರಾ? ಮಾಡಿದರೂ ಸಿಗೋದು ಇಲಿಯಲ್ಲಿ ಗೊತ್ತಿರೋ ಕಥೆಯೇ.”

“ಮಾಡ್ತೀನಿ ಸರ್. ಕುರಿಯಲ್ಲಿ ಸರಿಯಾಗಿ ಗೊತ್ತಾಗ್ಲಿ.”

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಪೋಸ್ಟರ್ ಹಿಂತೆಗೆಯುವ ಪತ್ರವನ್ನು ಅಂದೇ ತಮ್ಮ ಕೈಯಿಂದಲೇ ಬರೆದರು. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಆ ಎಂಟು ತಿಂಗಳು ನನ್ನ ಬದುಕಿನ ಅತಿ ಕಷ್ಟದ ದಿನಗಳು, ಅತಿ ಚೆನ್ನಾದವೂ ಅವೇ. ಚಾಚಾ ನನಗಾಗಿ ಕಿರಂಗೂರಿನ ನಾಲ್ಕಾರು ಮನೆಗಳನ್ನು ಮತ್ತೆ ಗೊತ್ತು ಮಾಡಿದರು. ನಸುಕಿನಲ್ಲಿ ಮರಿ ಬರುತ್ತಿತ್ತು. ನಾನು ಮೊದಲು ಕತ್ತು ಮುಟ್ಟಿ, ಆಮೇಲೆ ಹಲ್ಲು ನೋಡಿ, ಬರೆದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಹೊಸದೊಂದು ಕಲಂ ಗೀಚಿದೆ: ಸಂತೆ ಕಂಡಿದೆಯೇ? ಬಣ್ಣ ಉಳಿಸುವ ಗೊಡವೆಗೆ ಮತ್ತೆ ಹೋಗಲಿಲ್ಲ. ಒಂದು ವಾರ ಮರಿ ಸಿಗದೆ ಖಾಲಿ ಪೆಟ್ಟಿಗೆ ಹೊತ್ತು ಬಂದೆ, ಒಂದು ವಾರ ಕರೆಂಟು ಕೈಕೊಟ್ಟು ಪ್ಲೇಟು ಪೂರ್ತಿ ಹಾಳಾಯಿತು. ಕೊನೆಗೆ ಚಿತ್ರ ಸ್ಥಿರವಾಗಿ ನಿಂತಿತು. ಸಂಕೇತವಿಲ್ಲದವು ಸತ್ತವು, ಹದದಲ್ಲಿ ಪಡೆದವು ಎಚ್ಚೆತ್ತು ಉಳಿದವು, ಅತಿಯಾದವು ಸತ್ತವು. ಲೋಕಕ್ಕೆ ಗೊತ್ತಿದ್ದದ್ದೇ. ಆದರೆ ಹದದ ಎರಡೂ ಗೆರೆ ನಮ್ಮ ಕುರಿಯಲ್ಲಿ ಎಲ್ಲಿವೆ ಅನ್ನುವುದನ್ನು ಎದೆಯ ಮೇಲೆ ಕೈಯಿಟ್ಟು ಹೇಳಬಹುದಾಗಿತ್ತು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದು ಪುಟಕ್ಕೆ ಬೆರಳಿಟ್ಟರು. “ಸಂತೆಗೆ ಹೋಗಿಬಂದ ಮರಿಗಳನ್ನು ಬಿಟ್ಟಿದ್ದೇವೆ ಅಂತ ಬರೆದಿದ್ದೀರಿ. ಇದು ನಿಮಗೆ ಮೊದಲು ಹೊಳೆದದ್ದು ಹೇಗೆ? ಯಾವುದಾದರೂ ಲೇಖನ ಓದಿಯೋ?”

“ಇಲ್ಲ ಸರ್. ನಮ್ಮವ್ವ ಹೇಳಿದ್ದು. ದೇವಲಾಪುರ ಹೋಬಳಿಯಲ್ಲಿ ಕುರಿ ಸಾಕ್ತಾರೆ,” ಅಂದೆ. ಮೊದಲ ದಿನವೇ ಚಾಚಾನಿಗೆ ಹೇಳಬೇಕಾಗಿದ್ದ ಮಾತು ಅದು. ಪರೀಕ್ಷಕರು ತಲೆಯಾಡಿಸಿ ಪುಟದ ಅಂಚಿನಲ್ಲಿ ಏನೋ ಬರೆದುಕೊಂಡರು.

ಈಗ ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಾಂಡವಪುರದ ಆ ಅಂಗಡಿಯಲ್ಲಿ ಇಂದು ಚಾಚಾನ ಮಗ ಇದ್ದಾನೆ. ಕಿರಂಗೂರಿನ ಮೇಲೆ ಬಸ್ಸು ಹಾದಾಗ ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಪೆಟ್ಟಿಗೆ ಹುಡುಕುತ್ತದೆ.

ಹೋದ ಬೇಸಿಗೆಯಲ್ಲಿ ಊರಲ್ಲಿ ಅವ್ವನ ಜೊತೆ ಕೊಟ್ಟಿಗೆಯಲ್ಲಿ ಕೂತಿದ್ದಾಗ, ಈಗಿನ ಮಂದೆ ಮೊದಲಿನಂತಿಲ್ಲ, ಮರಿಗಳು ಗಿಡ್ಡ ಅಂತ ಅಂದೆ.

“ಆ ಅವಳೀಲಿ ಬೇಲಿ ತಾವ ನೆಗೀತಿತ್ತಲ್ಲ, ಅದನ್ನ ಮಂದೆಗೆ ಬೀಜದ ಟಗರು ಅಂತ ಮಡಿಕಂಡಿದ್ದೆ ಕಣಮ್ಮಿ,” ಅಂದಳು ಅವ್ವ. “ಅದ್ಕೇ ಸಂತೆಗೆ ಹಿಡ್ಕೊಂಡೋಗಿರ್ಲಿಲ್ಲ.”

ಟೆಂಪೋದಲ್ಲಿ ಜಾಗ ಇರಲಿಲ್ಲ ಅಂದದ್ದು ನೆನಪಾಯಿತು. ಅಂದು ಒಂದು ಮಾತು ಮುಂದಕ್ಕೆ ಕೇಳಿದ್ದರೆ ತಿಳಿಯುತ್ತಿತ್ತು, ಕೇಳಿರಲಿಲ್ಲ.

“ಮತ್ತೆ ಯಾಕವ್ವ ಕೊಟ್ಟೆ?”

ಅವಳು ಸೊಪ್ಪಿನ ಕಟ್ಟು ಬಿಚ್ಚಿ ಮರಿಗಳ ಮುಂದೆ ಹರಡಿದಳು.

“ಎಲ್ಡೂ ಬೇಕು ಅಂದ್ಯಲ್ಲಮ್ಮಿ ನೀನು.”